‘ವೆಲ್ಮ್’ ಮತ್ತು ‘ಕವಿ’: ಒಂದು ವಿರಳ ಆಂಗ್ಲಪದದ ಅರ್ಥವಿಚಾರ

ಆಂಗ್ಲಭಾಷೆಯ ‘ಓವರ್‌ವೆಲ್ಮ್’ ಎಂಬ ಕ್ರಿಯಾಪದವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಅಪರಿಚಿತವಾದುದೇನಲ್ಲ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಪಠ್ಯಪುಸ್ತಕದ ಗದ್ಯಭಾಗಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಅದರ ಉದರದಲ್ಲಿ ಅಡಗಿರುವ ‘ವೆಲ್ಮ್’ ಎಂಬ ಮೂಲಪದವನ್ನು ಬಿಡಿಯಾಗಿ ಕಂಡವರು ವಿರಳ. ಇಂದಿನ ಇಂಗ್ಲಿಷ್ ನಿಘಂಟುಗಳು ಅದನ್ನು ಹಳೆಯ ಅಥವಾ ಕಾವ್ಯೋಚಿತ ಪದವೆಂದು ಗುರುತಿಸಿ ಮುಂದೆ ಸಾಗುತ್ತವೆ. ಹಾಗಿದ್ದರೂ ಈ ಚಿಕ್ಕ ಪದದ ಚರಿತ್ರೆಯನ್ನು ಅರಿತ ಅಧ್ಯಾಪಕನಿಗೆ, ಅದರಲ್ಲಿಯೂ ಮಲೆನಾಡಿನ ಶಾಲೆಯ ಅಧ್ಯಾಪಕನಿಗೆ, ಒಂದು ಅನುಕೂಲ ದೊರೆಯುತ್ತದೆ. ಏಕೆಂದರೆ ಈ ಪದವು ಹೇಳುವ ಕಥೆಯನ್ನೇ ಕನ್ನಡದ ಒಂದು ದೇಶ್ಯ ಧಾತುವೂ ಹೇಳುತ್ತದೆ. ಮತ್ತು ಆ ಕಥೆಯ ಸಾಮಗ್ರಿಯೆಲ್ಲವೂ ಮೂಡಿಗೆರೆ, ಕಳಸ ಸೀಮೆಯ ಮಕ್ಕಳ ಮನೆಯಂಗಳದಲ್ಲಿಯೇ ಇದೆ.

ಮೊದಲು ಉಚ್ಚಾರಣೆ. ಈ ಪದವನ್ನು ಈಗ ‘ವೆಲ್ಮ್’ ಎಂದೇ ಹೆಚ್ಚಿನವರು ನುಡಿಯುತ್ತಾರೆ. ಕಾಗುಣಿತದಲ್ಲಿ ‘ಡಬ್ಲ್ಯು’ವಿನ ನಂತರ ಕುಳಿತಿರುವ ‘ಎಚ್’ ಅಕ್ಷರವು ಹಿಂದೆ ನಿಜವಾಗಿಯೂ ಉಚ್ಚರಿತವಾಗುತ್ತಿದ್ದಿತು. ಆಗ ಅದರ ಧ್ವನಿ ‘ಹ್ವೆಲ್ಮ್’ ಎಂಬುದಕ್ಕೆ ಸಮೀಪವಾಗಿತ್ತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಸ್ಕೃತ ಬಲ್ಲ ವಿದ್ಯಾರ್ಥಿಗೆ ‘ಹ್ವೆಲ್ಮ್’ ಎಂದೊಡನೆ ‘ವಿಹ್ವಲ’ ಶಬ್ದವು ನೆನಪಾಗುವುದು ಸಹಜ. ಅರ್ಥವೂ ಹತ್ತಿರವಾಗಿಯೇ ತೋರುತ್ತದೆ. ಆದರೆ ‘ವಿಹ್ವಲ’ದ ಮೂಲವಾದ ‘ಹ್ವಲ್’ ಧಾತುವಿಗೆ ತತ್ತರಿಸು, ಓಲಾಡು ಎಂದರ್ಥ. ಇಂಗ್ಲಿಷ್ ಪದದಲ್ಲಿರುವುದು ಓಲಾಟವಲ್ಲ, ಮುಚ್ಚುವಿಕೆ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಪದಗಳಿಗೆ ನೆಂಟಸ್ತನ ಕಟ್ಟುವ ಚಪಲವು ವಿದ್ವಾಂಸರನ್ನೂ ಬಿಟ್ಟಿಲ್ಲ. ಮಕ್ಕಳಿಗೆ ಅದನ್ನು ಮೊದಲೇ ತಿಳಿಸುವುದು ಲೇಸು.

ಹಳೆಯ ಇಂಗ್ಲಿಷಿನಲ್ಲಿ ಕಮಾನಿನಂತೆ ಬಾಗಿ ಮುಚ್ಚು ಎಂಬ ಅರ್ಥದ ‘ಹ್ವೆಲ್ಫನ್’ ಎಂಬ ಕ್ರಿಯಾಪದವೊಂದಿತ್ತು. ಕಮಾನು ಕಟ್ಟು ಎಂಬ ಅರ್ಥದ ಜರ್ಮನ್ ಪದ ‘ವೋಲ್ಬೆನ್’ ಅದರ ಸೋದರ. ಇದೇ ಗುಂಪಿನಿಂದ ‘ವೆಲ್ಮ್’ ಹೊಮ್ಮಿತೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಸುಮಾರು 13–14ನೆಯ ಶತಮಾನದ ಬರಹಗಳಲ್ಲಿ ಕಾಣಸಿಗುವ ಇದರ ಮೊದಲ ಅರ್ಥವು ಬಹಳ ಸರಳವಾದುದು: ಮಗುಚು, ಬೋರಲು ಹಾಕು. ಒಂದು ಪಾತ್ರೆಯನ್ನು ಇನ್ನೊಂದು ವಸ್ತುವಿನ ಮೇಲೆ ಬೋರಲಾಗಿ ಇಟ್ಟು ಅದನ್ನು ಮರೆಮಾಡುವುದೂ ‘ವೆಲ್ಮ್’. ದೋಣಿಯು ತಲೆಕೆಳಗಾಗಿ ಮಗುಚಿಕೊಳ್ಳುವುದೂ ‘ವೆಲ್ಮ್’. ದೋಣಿ ಮಗುಚಿದ ಮೇಲೆ ಅದರಲ್ಲಿದ್ದವರ ಮೇಲೆ ನೀರು ಮುಚ್ಚಿಕೊಳ್ಳುವುದಷ್ಟೆ? ಹೀಗೆ ಮಗುಚುವುದರಿಂದ ಮುಳುಗಿಸುವುದಕ್ಕೆ, ನೀರಿನಲ್ಲಿ ಮುಳುಗುವುದರಿಂದ ದುಃಖದಲ್ಲಿ ಮುಳುಗುವುದಕ್ಕೆ ಅರ್ಥವು ಮೆಟ್ಟಿಲು ಮೆಟ್ಟಿಲಾಗಿ ಸರಿಯಿತು. ‘ಮೇಲೆ’ ಎಂಬ ಅರ್ಥದ ‘ಓವರ್’ ಅದಕ್ಕೆ ಅಂಟಿಕೊಂಡದ್ದು 14ನೆಯ ಶತಮಾನದಲ್ಲಿ. ಮೂಲಪದದಲ್ಲಿಯೇ ಮೇಲಿನಿಂದ ಮುಚ್ಚುವ ಅರ್ಥವಿರುವಾಗ ಈ ಉಪಸರ್ಗವು ಒಂದು ಬಗೆಯ ಪುನರುಕ್ತಿ. ಕನ್ನಡದಲ್ಲಿ ‘ನಡುಮಧ್ಯೆ’ ಎನ್ನುವಂತೆ. ಆದರೆ ಪುನರುಕ್ತಿಯೇ ಗೆದ್ದಿತು. ಮೂಲಪದವು ಮೂಲೆ ಸೇರಿತು.

ಇನ್ನೊಂದು ಸ್ವಾರಸ್ಯವಿದೆ. ನುಂಗಿ ಹಾಕು ಎಂಬ ಅರ್ಥದ ‘ಎನ್‌ಗಲ್ಫ್’ ಪದದಲ್ಲಿರುವ ‘ಗಲ್ಫ್’, ಅಂದರೆ ಕೊಲ್ಲಿ, ಗ್ರೀಕಿನ ‘ಕೋಲ್ಪೋಸ್’ ಎಂಬುದರಿಂದ ಇಟಲಿಯ ಮಾರ್ಗವಾಗಿ ಬಂದುದು. ಮಡಿಲು, ಬಾಗು, ಕೊಲ್ಲಿ ಎಂಬ ಅರ್ಥಗಳುಳ್ಳ ಆ ಗ್ರೀಕ್ ಶಬ್ದವೂ ಹಳೆಯ ಇಂಗ್ಲಿಷಿನ ‘ಹ್ವೆಲ್ಫನ್’ ಪದವೂ ಒಂದೇ ಪ್ರಾಚೀನ ಮೂಲದವೆಂದು ಹೇಳಲಾಗುತ್ತದೆ. ಹಾಗಾದರೆ ಇಂದು ಪರ್ಯಾಯಪದಗಳೆಂದು ಪಟ್ಟಿ ಮಾಡುವ ಇವೆರಡೂ ದೂರದ ದಾಯಾದಿಗಳು. ‘ಇನಂಡೇಟ್’ ಪದದ ವಂಶವಾದರೋ ಬೇರೆ. ಅದರಲ್ಲಿರುವುದು ಅಲೆ ಎಂಬ ಅರ್ಥದ ಲ್ಯಾಟಿನ್ ಶಬ್ದ.

ಇಂಗ್ಲೆಂಡಿನ ಪೂರ್ವಭಾಗದ ಹಳ್ಳಿಗಳಲ್ಲಿ ‘ವೆಲ್ಮ್’ ಎಂಬುದು ನಾಮಪದವಾಗಿಯೂ ಬಳಕೆಯಲ್ಲಿತ್ತು. ಮರದ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಒಳಭಾಗವನ್ನು ಕೊರೆದು, ಕೊರೆದ ಮುಖ ಕೆಳಗಾಗುವಂತೆ ದಾರಿಯಡಿಯಲ್ಲಿ ಹೂತು ನೀರು ಹರಿಸುತ್ತಿದ್ದರು. ಹೀಗೆ ಬೋರಲಾಗಿ ಕುಳಿತ ಆ ಮರದ ಚರಂಡಿಗೇ ಆ ಹೆಸರು. ಮಲೆನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗುಡ್ಡದ ಒರತೆಯಿಂದ ಅಂಗಳಕ್ಕೆ ನೀರು ತರಲು ಇಲ್ಲಿಯೂ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದು ದಬ್ಬೆ ಮಾಡುತ್ತಿದ್ದರು. ವ್ಯತ್ಯಾಸವಿಷ್ಟೆ: ಇಲ್ಲಿಯ ದಬ್ಬೆ ಅಂಗಾತ ಮಲಗಿರುತ್ತದೆ, ಅಲ್ಲಿಯದು ಬೋರಲಾಗಿ. ಅಂಗಾತ ಮಲಗಿದುದಕ್ಕೆ ‘ವೆಲ್ಮ್’ ಎನ್ನಲಾಗದು. ಈ ಒಂದು ಅಂತರವನ್ನು ತೋರಿಸಿದರೆ ಪದದ ಹೃದಯವು ವಿದ್ಯಾರ್ಥಿಯ ಕೈಗೆ ಬಂದಂತೆಯೇ.

ಇನ್ನು ಕನ್ನಡದ ಕಡೆಗೆ ಬರಬಹುದು. ಕನ್ನಡದಲ್ಲಿ ‘ಕವಿ’ ಎಂಬ ದೇಶ್ಯ ಕ್ರಿಯಾಪದವಿದೆ. ಕಾವ್ಯ ಬರೆಯುವ ಕವಿಗೂ ಇದಕ್ಕೂ ಸಂಬಂಧವಿಲ್ಲ, ಅದು ಸಂಸ್ಕೃತ. ಈ ‘ಕವಿ’ಗೆ ಮುಚ್ಚು, ಹರಡಿಕೊಳ್ಳು, ಮೇಲೆ ಬೀಳು ಎಂದರ್ಥ. ಮೋಡ ಕವಿಯುತ್ತದೆ, ಮಂಜು ಕವಿಯುತ್ತದೆ, ಕತ್ತಲೆ ಕವಿಯುತ್ತದೆ. ಪ್ರಾಚೀನ ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಸೇನೆಯೂ ಶತ್ರುವಿನ ಮೇಲೆ ಕವಿಯುತ್ತದೆ. ಇದರ ಒಡಹುಟ್ಟಾದ ‘ಕವಿಚು’, ‘ಕವುಚು’ ಎಂಬುದಕ್ಕೆ ಬೋರಲು ಹಾಕು, ತಲೆಕೆಳಗು ಮಾಡು ಎಂದರ್ಥ. ತಮಿಳಿನಲ್ಲಿಯೂ ‘ಕವಿ’ ಎಂದರೆ ಕೊಡೆಯಂತೆ ಮುಚ್ಚು. ‘ಕವಿಳ್’ ಎಂದರೆ ಮಗುಚಿಕೊಳ್ಳು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವು ಇಂತಹ ಪದಕುಲಗಳನ್ನು ಒಂದೆಡೆ ಕಲೆಹಾಕಿ ಕೊಟ್ಟಿದೆ. ಮಗುಚುವುದು ಮತ್ತು ಮುಚ್ಚುವುದು ಎಂಬ ಎರಡು ಕ್ರಿಯೆಗಳನ್ನು ಒಂದೇ ಮೂಲದಿಂದ ಬೆಳೆಸಿದ ಜಾಣ್ಮೆಯು ಥೇಮ್ಸ್ ನದಿಯ ದಂಡೆಯವರಿಗೂ ಭದ್ರೆಯ ದಂಡೆಯವರಿಗೂ ಬೇರೆ ಬೇರೆಯಾಗಿ ಹೊಳೆದಿರುವುದು ಗಮನಾರ್ಹ. ಒಂದರಿಂದ ಇನ್ನೊಂದು ಎರವಲು ಪಡೆದುದಲ್ಲ. ಬುಟ್ಟಿಯೊಂದನ್ನು ಬೋರಲು ಹಾಕಿದರೆ ಅದರಡಿಯ ವಸ್ತು ಮುಚ್ಚಿಹೋಗುವುದು ಎಲ್ಲ ನಾಡುಗಳಲ್ಲಿಯೂ ಒಂದೇ ತೆರನಾಗಿ.

ಆದುದರಿಂದ ತರಗತಿಯಲ್ಲಿ ‘ವೆಲ್ಮ್’ ಪದವನ್ನು ಪರಿಚಯಿಸಲು ನಿಘಂಟಿಗಿಂತ ಬುಟ್ಟಿಯೇ ಮೇಲು. ಸಂಜೆಯ ಹೊತ್ತು ಕೋಳಿಮರಿಗಳ ಮೇಲೆ ಬುಟ್ಟಿ ಕವುಚಿ ಹಾಕುವುದನ್ನು ಕಾಣದ ಹಳ್ಳಿಯ ಮಗುವಿಲ್ಲ. ಸಸಿ ನೆಡುವ ಹೆಂಗಸರು ಬಾಗಿದ ಬೆನ್ನಿನ ಮೇಲೆ ಹೊದೆಯುತ್ತಿದ್ದ ಗೊರಬನ್ನು ನೆನೆದರೂ ಆಗುತ್ತದೆ. ದೂರದಿಂದ ನೋಡಿದರೆ ಗದ್ದೆಯ ನೀರಿನಲ್ಲಿ ಮಗುಚಿಕೊಂಡ ಪುಟ್ಟ ದೋಣಿಗಳ ಸಾಲಿನಂತೆಯೇ ಅದು ತೋರುತ್ತಿತ್ತು. ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೆ ಗೊರಬು ಅಪರೂಪವಾಗಿದೆ. ಈ ಎರಡು ಉದಾಹರಣೆಗಳಲ್ಲಿಯೂ ಕವುಚುವುದು ರಕ್ಷಣೆಗಾಗಿ ಎಂಬುದನ್ನು ಅಧ್ಯಾಪಕರು ಎತ್ತಿ ತೋರಿಸಬೇಕು. ಇಂಗ್ಲಿಷ್ ಪದದಲ್ಲಿಯೂ ಆರಂಭದಲ್ಲಿ ಕೇಡಿನ ಛಾಯೆ ಇರಲಿಲ್ಲ. ತಟ್ಟೆ ಮುಚ್ಚುವುದರಲ್ಲಿ ಕೇಡೇನು? ಮುಚ್ಚುವ ವಸ್ತು ಬುಟ್ಟಿಯಿಂದ ಸಮುದ್ರವಾದಾಗ, ಮುಚ್ಚುವ ಕೈ ಮನುಷ್ಯನದಾಗಿರದಿದ್ದಾಗ ಪದಕ್ಕೆ ಭಯ ಸೇರಿತು.

ಆ ಭಯದ ಪರಾಕಾಷ್ಠೆಯನ್ನು ಕಾಣಬೇಕಾದರೆ ವಿಲಿಯಂ ಕೌಪರ್ ಕವಿಯು 1799ರಲ್ಲಿ ರಚಿಸಿದ ‘ದ ಕಾಸ್ಟ್‌ಅವೇ’ ಎಂಬ ಕವನವನ್ನು ಓದಬೇಕು. ಬಿರುಗಾಳಿಯಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದು, ಜೊತೆಗಾರರು ಅಸಹಾಯಕರಾಗಿ ನೋಡುತ್ತಿರುವಂತೆಯೇ ಮುಳುಗಿಹೋದ ಒಬ್ಬ ನಾವಿಕನ ಕಥೆ ಅದು. ದೀರ್ಘಕಾಲ ಮನೋವ್ಯಾಧಿಯಿಂದ ನರಳಿದ ಕೌಪರ್, ಕವನದ ಕೊನೆಯಲ್ಲಿ ಆ ನಾವಿಕನಿಗಿಂತಲೂ ಆಳದಲ್ಲಿ ತಾನು ಮುಳುಗಿರುವೆನೆಂದು ಹೇಳಿಕೊಳ್ಳುತ್ತಾನೆ. ಅಲ್ಲಿ ಅವನು ಆರಿಸಿಕೊಂಡ ಕ್ರಿಯಾಪದವು ‘ವೆಲ್ಮ್’. ಮರುವರ್ಷವೇ ಅವನು ತೀರಿಕೊಂಡನು. ಕವನವು ಅಚ್ಚಾದದ್ದು 1803ರಲ್ಲಿ. ನೀರು ಮುಚ್ಚುವ ಅರ್ಥದಿಂದ ಮನಸ್ಸನ್ನು ಮುಚ್ಚುವ ಅರ್ಥಕ್ಕೆ ಪದವು ಹೇಗೆ ದಾಟುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ.

ಕಾಫಿಯ ನಾಡಿಗೆ ಇಂಗ್ಲಿಷ್ ಬಂದದ್ದು ಕವನದ ದಾರಿಯಿಂದಲ್ಲ, ತೋಟದ ದಾರಿಯಿಂದ. 19ನೆಯ ಶತಮಾನದಲ್ಲಿ ಯುರೋಪಿಯನ್ ತೋಟಗಾರರು ಚಿಕ್ಕಮಗಳೂರು, ಮಂಜರಾಬಾದು ಸೀಮೆಗಳಲ್ಲಿ ನೆಲೆಯೂರಿದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಕಾಫಿ ಬೇಸಾಯದ ಅನುಭವಗಳನ್ನು ಕುರಿತು 1894ರಲ್ಲಿ ಗ್ರಂಥವನ್ನೇ ಪ್ರಕಟಿಸಿದನು. ಅದೇ ವರ್ಷ ಮಂಗಳೂರಿನಲ್ಲಿ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಬೆಳಕು ಕಂಡಿತೆಂಬುದು ಕಾಕತಾಳೀಯವಾದರೂ ನೆನಪಿಡತಕ್ಕುದು. ಎಸ್ಟೇಟು, ರೈಟರು, ಪಲ್ಪರು, ಬೋರರ್ ಹುಳು, ಬ್ಯಾಕಿಂಗ್ ಮಳೆ ಇವೆಲ್ಲ ಹೀಗೆ ಕನ್ನಡಕ್ಕಿಳಿದ ಕೆಲಸದ ಮಾತುಗಳು. ಇವುಗಳ ನಡುವೆ ‘ವೆಲ್ಮ್’ ಪದಕ್ಕೆ ಸ್ಥಾನವಿರಲಿಲ್ಲ. ಸಾಲವು ಒಂದೇ ಕಡೆಯಿಂದ ಆಗಲಿಲ್ಲವೆಂಬುದನ್ನೂ ಹೇಳಬೇಕು. ಮಳೆಗಾಲದಲ್ಲಿ ಕಾಫಿಯ ಎಲೆಗಳನ್ನು ಕಪ್ಪಾಗಿಸಿ ಕೊಳೆಯಿಸುವ ಶಿಲೀಂಧ್ರಕ್ಕೆ ಕುಕ್ ಎಂಬ ವಿಜ್ಞಾನಿಯು 1876ರಲ್ಲಿ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. ಮುಂದೆ ವಿಜ್ಞಾನಿಗಳು ಆ ಹೆಸರಿನ ಪೂರ್ವಾರ್ಧವನ್ನು ಬದಲಿಸಿದರೂ ಕನ್ನಡದ ‘ಕೊಳೆರೋಗ’ ಇಂಗ್ಲಿಷ್ ಕೃಷಿಗ್ರಂಥಗಳಲ್ಲಿ ಉಳಿದುಕೊಂಡಿದೆ. ‘ಪೆಲ್ಲಿಕಲ್’ ಎಂದರೆ ತೆಳುಪೊರೆ. ಎಲೆಯ ಮೇಲೆ ಕವಿಯುವ ಪೊರೆ. ವಿಷಯಾಂತರವಾದರೂ ಇಲ್ಲಿಯೂ ‘ಕವಿ’ ಧಾತುವೇ ಇಣುಕುತ್ತದೆ.

ಈಗ ಬಳಕೆಯ ವಿಚಾರ. ಅಧ್ಯಾಪಕರು ಹೆಚ್ಚು ಶ್ರಮಿಸಬೇಕಾದುದು ಇಲ್ಲಿಯೇ. ‘ಓವರ್‌ವೆಲ್ಮ್’ ಎಂದರೆ ‘ಮುಳುಗಿಸು’ ಎಂದು ಒಂದೇ ಸಮಾನಪದವನ್ನು ಬರೆಸಿಬಿಟ್ಟರೆ ಅನರ್ಥಗಳ ಸಾಲೇ ಹುಟ್ಟುತ್ತದೆ. ‘ಕೆಲಸದಲ್ಲಿ ಮುಳುಗಿದ್ದಾನೆ’ ಎಂದರೆ ಕನ್ನಡದಲ್ಲಿ ಅವನು ತನ್ಮಯನಾಗಿದ್ದಾನೆಂದು ಅರ್ಥ. ಅದು ಮೆಚ್ಚುಗೆಯ ಮಾತು. ಕೆಲಸವು ಅವನ ಶಕ್ತಿಯನ್ನು ಮೀರಿದೆಯೆಂದು ಹೇಳಬೇಕಾದರೆ ‘ಕೆಲಸ ಕೈಮೀರಿದೆ’ ಎನ್ನಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣು ಒಮ್ಮೆಗೇ ಕೆಂಪಾಗಿ, ಆಳುಗಳು ಸಾಲದೆ, ಕಣದಲ್ಲಿ ಹರಡಿದ ಕಾಫಿಯ ಮೇಲೆ ಅಕಾಲದ ಮೋಡವೂ ಕವಿದಾಗ ತೋಟದ ಯಜಮಾನನ ಬಾಯಲ್ಲಿ ಬರುವ ಮಾತು ಇದೇ. ಸಾಲದ ವಿಷಯದಲ್ಲಿ ಮಾತ್ರ ‘ಮುಳುಗು’ ಎರಡು ಭಾಷೆಗಳಲ್ಲಿಯೂ ಸರಿಹೊಂದುತ್ತದೆ. ‘ಅವನು ಸಂತೋಷದಿಂದ ಮುಳುಗಿದನು’ ಎಂದು ಬರೆದ ಉತ್ತರಪತ್ರಿಕೆಗೆ ಅಂಕ ಕಳೆಯುವ ಮೊದಲು, ಆ ತಪ್ಪಿಗೆ ಕಾರಣವಾದ ಒಂಟಿ ಸಮಾನಪದವನ್ನು ಬರೆಸಿದವರಾರೆಂದು ಯೋಚಿಸಬೇಕಾಗುತ್ತದೆ.

ಮುಖ್ಯವಾದ ಭೇದವೊಂದಿದೆ. ಇಂಗ್ಲಿಷಿನಲ್ಲಿ ದುಃಖವೂ ‘ಓವರ್‌ವೆಲ್ಮ್’ ಮಾಡುತ್ತದೆ, ಸಂತೋಷವೂ ಮಾಡುತ್ತದೆ, ಕೃತಜ್ಞತೆಯೂ ಮಾಡುತ್ತದೆ. ಕನ್ನಡವು ಈ ವಿಷಯದಲ್ಲಿ ಹೆಚ್ಚು ಸೂಕ್ಷ್ಮ. ಚಿಂತೆ ಕವಿಯಬಹುದು, ಮಂಕು ಕವಿಯಬಹುದು, ವಿಷಾದ ಕವಿಯಬಹುದು. ಸಂತೋಷವು ಎಂದಿಗೂ ಕವಿಯುವುದಿಲ್ಲ, ಅದು ಉಕ್ಕುತ್ತದೆ. ಕವಿಯುವುದು ಹೊರಗಿನಿಂದ, ಮೇಲಿನಿಂದ, ಉಕ್ಕುವುದು ಒಳಗಿನಿಂದ. ಅಳುವಾದರೋ ಎರಡಕ್ಕೂ ಸೇರಿದುದು: ದುಃಖವು ಕವಿದು, ಅಳು ಉಮ್ಮಳಿಸಿ ಬರುತ್ತದೆ. ಬೇಸಗೆಯ ಹೂಮಳೆ ಬಿದ್ದು ಎಂಟು–ಹತ್ತು ದಿನಗಳಲ್ಲಿ ಇಡೀ ತೋಟವೇ ಬೆಳ್ಳಗೆ ಅರಳಿ ಪರಿಮಳವು ರಸ್ತೆಯವರೆಗೂ ಹಬ್ಬಿದಾಗ ನೋಡುವವನ ಮನಸ್ಸಿನಲ್ಲಾಗುವುದನ್ನು ಇಂಗ್ಲಿಷ್ ಲೇಖಕನು ‘ಓವರ್‌ವೆಲ್ಮ್’ ಪದದಿಂದ ತಿಳಿಸಬಹುದು. ಕನ್ನಡದಲ್ಲಿ ಅದಕ್ಕೆ ‘ಮೈಮರೆತನು’ ಎನ್ನಬೇಕು, ಇಲ್ಲವೇ ‘ಬೆರಗಾದನು’ ಎನ್ನಬೇಕು. ‘ಬೆರಗು’ ಪದಕ್ಕೆ ವಚನಸಾಹಿತ್ಯದಲ್ಲಿ, ವಿಶೇಷವಾಗಿ ಅಲ್ಲಮಪ್ರಭುವಿನ ವಚನಗಳಲ್ಲಿ, ದೊರೆತಿರುವ ಗೌರವವನ್ನು ಓದುಗರು ಬಲ್ಲರು. ಅರಿವು ನಿಲುಕದಾದಾಗ ಮಾತು ನಿಲ್ಲುವ ಸ್ಥಿತಿ ಅದು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ 1980ರ ‘ಕರ್ವಾಲೊ’ ಕಾದಂಬರಿಯ ಕೊನೆಯಲ್ಲಿ ಹಾರುವ ಓತಿಯು ಕೈಗೆ ಸಿಗದೆ ಪ್ರಪಾತದ ಕಡೆಗೆ ತೇಲಿಹೋದಾಗ ನೋಡುತ್ತ ನಿಂತವರ ಸ್ಥಿತಿಯನ್ನು ಅನುವಾದಕನು ಯಾವ ಆಂಗ್ಲಪದದಿಂದ ಹೇಳಬೇಕು? ‘ವೆಲ್ಮ್’ ಅಲ್ಲಿ ಸಲ್ಲದು. ಅಲ್ಲಿ ಏನೂ ಮುಚ್ಚಿಕೊಳ್ಳುವುದಿಲ್ಲ, ತೆರೆದುಕೊಳ್ಳುತ್ತದೆ.

ವ್ಯಾಕರಣದಲ್ಲಿಯೂ ಇಷ್ಟೇ ಮಹತ್ವದ ಅಂತರವಿದೆ. ಇಂಗ್ಲಿಷಿನಲ್ಲಿ ನೊಂದವನೇ ಕರ್ತೃಸ್ಥಾನದಲ್ಲಿ ನಿಂತು ಕ್ರಿಯಾಪದವು ಕರ್ಮಣಿ ರೂಪ ತಾಳುತ್ತದೆ. ಅದನ್ನು ಯಥಾವತ್ತಾಗಿ ಕನ್ನಡಿಸಿದ ವಿದ್ಯಾರ್ಥಿಯು ‘ನಾನು ದುಃಖದಿಂದ ಆವರಿಸಲ್ಪಟ್ಟೆನು’ ಎಂದು ಬರೆಯುತ್ತಾನೆ. ಕನ್ನಡದ ಜಾಯಮಾನ ಅದಲ್ಲ. ‘ಅವನಿಗೆ ಮಂಕು ಕವಿಯಿತು’, ‘ಅವಳಿಗೆ ದಿಕ್ಕೇ ತೋಚದಾಯಿತು’, ‘ಕಣ್ಣಿಗೆ ಕತ್ತಲೆ ಕವಿಯಿತು’ ಎಂಬಲ್ಲಿ ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ. ಕವಿಯುವ ವಸ್ತುವೇ ಕರ್ತೃ. ಒಬ್ಬನ ಮೇಲೆ ಬಂದೆರಗಿದುದು ಅವನ ಕೃತ್ಯವಲ್ಲವೆಂಬ ತಿಳಿವಳಿಕೆಯು ವಿಭಕ್ತಿಯಲ್ಲಿಯೇ ಅಡಕವಾಗಿದೆ. ಇದು ಬರಿಯ ವ್ಯಾಕರಣದ ಮಾತೆಂದು ತಳ್ಳಿಹಾಕಲಾಗದು. ಕನ್ನಡ ಮಾಧ್ಯಮದಲ್ಲಿ ಓದಿ ಪದವಿಪೂರ್ವ ತರಗತಿಗೆ ಒಮ್ಮೆಲೇ ಇಂಗ್ಲಿಷಿಗೆ ತಿರುಗುವ ಹುಡುಗನು ಪಾಠವೆಲ್ಲ ಕೈಮೀರಿದಾಗ ‘ನನಗೆ ಮಂಕು ಕವಿದಂತಾಗಿದೆ’ ಎಂದು ಮನೆಯಲ್ಲಿ ಹೇಳಬಲ್ಲ. ಅದೇ ಮಾತನ್ನು ಅಧ್ಯಾಪಕರ ಮುಂದೆ ಇಂಗ್ಲಿಷಿನಲ್ಲಿ ಹೇಳಹೋದರೆ ಪದ ಸಿಗದೆ ‘ಐ ಆಮ್ ವೀಕ್’ ಎಂದುಬಿಡುತ್ತಾನೆ. ಎರಗಿದ ಭಾರವು ತನ್ನದೇ ದೋಷವಾಗಿ ಮಾರ್ಪಡುತ್ತದೆ. ‘ಐ ಆಮ್ ಓವರ್‌ವೆಲ್ಮ್ಡ್’ ಎಂಬ ಮೂರು ಪದಗಳನ್ನು ಅವನಿಗೆ ಸಕಾಲದಲ್ಲಿ ಕಲಿಸಿದ ಅಧ್ಯಾಪಕನು ದೊಡ್ಡ ಉಪಕಾರವನ್ನೇ ಮಾಡಿದಂತಾಗುತ್ತದೆ.

ಮಳೆಯ ವಿಚಾರದಲ್ಲಿ ಮಾತ್ರ ಪದವು ತನ್ನ ಮೂಲಾರ್ಥಕ್ಕೆ ಮರಳುತ್ತದೆ. ಭದ್ರೆಯು ತುಂಬಿ ಹರಿದಾಗ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಂತುಹೋದುದು ಆ ಭಾಗದವರಿಗೆ ಹೊಸತಲ್ಲ. ಅದಕ್ಕೆ ‘ಸೇತುವೆ ಮುಳುಗಿತು’ ಎಂದರೆ ಸಾಕು. ನೀರಿಳಿದ ಮೇಲೆ ಸೇತುವೆ ಮತ್ತೆ ಕಾಣಿಸುತ್ತದೆ. ಆದರೆ 2019ರ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ನಡೆದುದಕ್ಕೆ ‘ಮುಳುಗು’ ಸಾಲದು. ದಿನಗಟ್ಟಲೆ ಸುರಿದ ಮಳೆಯ ನೀರನ್ನು ಕುಡಿದು ಭಾರವಾದ ಗುಡ್ಡದ ಮಣ್ಣು ಹಿಡಿತ ತಪ್ಪಿ, ಧರೆ ಜರಿದು, ಮನೆ, ಗದ್ದೆ, ಕಾಫಿ ತೋಟಗಳು ಮಣ್ಣಿನಡಿ ಸೇರಿದವು. ಅಂದಿನ ವರದಿಗಳಲ್ಲಿ ಬಳಕೆಯಾದ ‘ಭೂಕುಸಿತ’ವು ಶಾಸ್ತ್ರೀಯವಾದ ಪದ, ನೆಲಕ್ಕೇನಾಯಿತೆಂದು ಅದು ತಿಳಿಸುತ್ತದೆ, ನೆಲದ ಮೇಲಿದ್ದವರಿಗೇನಾಯಿತೆಂದು ತಿಳಿಸುವುದಿಲ್ಲ. ‘ಗುಡ್ಡವೇ ಕವುಚಿಕೊಂಡಿತು’ ಎಂದರೆ ಎರಡೂ ತಿಳಿಯುತ್ತದೆ. ಇದನ್ನು ಇಂಗ್ಲಿಷಿಗೆ ತಿರುಗಿಸುವವನು ‘ವೆಲ್ಮ್’ ಪದವನ್ನು ಧೈರ್ಯವಾಗಿ ಬಳಸಬಹುದು. ಹಳೆಯದೆಂಬ ಆಕ್ಷೇಪಕ್ಕೆ ಅಂಜಬೇಕಿಲ್ಲ. ಅಣೆಕಟ್ಟುಗಳಿಂದಾದ ‘ಮುಳುಗಡೆ’ಯ ಕಥೆ ಇವೆರಡರಿಂದಲೂ ಭಿನ್ನವಾದುದು. ಶರಾವತಿ, ಭದ್ರಾ ಜಲಾಶಯಗಳ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಬಾಯಲ್ಲಿ ಆ ಪದವು ನೀರಿನ ಹೆಸರಾಗಿರದೆ ಒಂದು ಕಾಲದ ಹೆಸರಾಗಿದೆ. ಅದಕ್ಕೆ ಸಮನಾದ ಒಂದೇ ಇಂಗ್ಲಿಷ್ ಪದವಿಲ್ಲ.

ಪತ್ರಿಕೆಗಳ ‘ಓವರ್‌ವೆಲ್ಮಿಂಗ್ ಮೆಜಾರಿಟಿ’ಗೆ ‘ಭಾರಿ ಬಹುಮತ’ವೆಂಬ ಅನುವಾದವು ರೂಢವಾಗಿದೆ, ಅದು ಸಾಕು. 1950ರ ದಶಕದಲ್ಲಿ ಅಮೆರಿಕದಲ್ಲಿ ವಿನೋದಕ್ಕಾಗಿ ಹುಟ್ಟಿಕೊಂಡ ‘ಅಂಡರ್‌ವೆಲ್ಮ್’ ಎಂಬುದು ಈಗ ಗಂಭೀರ ಬರಹಗಳಲ್ಲಿಯೂ ನುಸುಳಿದೆ. ನಿರೀಕ್ಷಿಸಿದಷ್ಟು ಮನಸ್ಸನ್ನು ತಟ್ಟದಿರುವುದು ಅದರ ಅರ್ಥ. ಕನ್ನಡದ ‘ಅಷ್ಟಕ್ಕಷ್ಟೆ’ ಎಂಬ ಮಾತು ಅದಕ್ಕೆ ತಕ್ಕ ಜೋಡಿ. ಈ ಎರಡರ ನಡುವೆ ಬರಿಯ ‘ವೆಲ್ಮ್ಡ್’ ಆಗಿರಲು ಸಾಧ್ಯವೇ ಎಂಬ ಚೇಷ್ಟೆಯ ಪ್ರಶ್ನೆಯು 1999ರ ಒಂದು ಅಮೆರಿಕನ್ ಚಲನಚಿತ್ರದಲ್ಲಿ ಬಂದಮೇಲೆ ತರುಣರಲ್ಲಿ ‘ವೆಲ್ಮ್ಡ್’ ಎಂದರೆ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಮನಸ್ಥಿತಿ ಎಂಬ ಹೊಸ ಅರ್ಥವು ಹರಡಿದೆ. ಪದದ ಚರಿತ್ರೆಗೆ ಇದು ಪೂರ್ಣ ವಿರುದ್ಧ. ಮೂಲದಲ್ಲಿ ‘ವೆಲ್ಮ್’ ಎಂದರೂ ‘ಓವರ್‌ವೆಲ್ಮ್’ ಎಂದರೂ ಒಂದೇ. ಆದರೂ ಬಳಸುವವರ ಸಂಖ್ಯೆ ಬೆಳೆದರೆ ನಿಘಂಟುಗಳು ಇದಕ್ಕೂ ಜಾಗ ಕೊಡದೆ ಇರಲಾರವು. ಸದ್ಯಕ್ಕೆ ಪರೀಕ್ಷೆಯ ಉತ್ತರಗಳಲ್ಲಿಯೂ ಅರ್ಜಿಗಳಲ್ಲಿಯೂ ಈ ಹೊಸ ಅರ್ಥದಲ್ಲಿ ಅದನ್ನು ಬಳಸದಂತೆ ವಿದ್ಯಾರ್ಥಿಗಳಿಗೆ ಸೂಚಿಸುವುದು ಉಚಿತ.